ಕರು ಬರೆಯದ ಹಲಗೆ

“ಹವ್ಯಾಸ ಏನು?”

“ಲಾರಿ ಹಿಂದೆ ಹಸು-ಕರು ಬರೀತೀನಿ, ಮೇಡಂ.”

ವಿಶಾಖಪಟ್ಟಣದ ಆ ಸಾಫ್ಟ್‌ವೇರ್ ಕಚೇರಿಯಲ್ಲಿ ಸಂದರ್ಶನ ಮಾಡುತ್ತಿದ್ದ ಸಿಂಧೂರ ಥಟ್ಟನೆ ತಲೆ ಎತ್ತಿದಳು. ಎದುರಿಗಿದ್ದ ಹುಡುಗ ಅವಳು ಕೇಳಿದ ಕೋಡ್ ಎಲ್ಲವನ್ನೂ ತಪ್ಪಿಲ್ಲದೆ ಬರೆದಿದ್ದ. ಆದರೆ ಉಗುರಿನ ಸಂದಿಯಲ್ಲಿ ಹಳದಿ ಬಣ್ಣ!

“ಕನ್ನಡ ಹೇಗೆ ಬಂತು?”

“ಅಮ್ಮಂದು ಬಳ್ಳಾರಿ. ನಾನ್ನ ವಿಜಯವಾಡ. ಆಟೋನಗರ್‌ನಲ್ಲಿ ಲಾರಿ ಪೇಂಟರ್. ಗೆರೆ ಎಳೆಯೋದು ಅವರೇ ಕಲಿಸಿದ್ದು.”

ಅಪ್ಪನನ್ನು ‘ನಾನ್ನ’ ಎನ್ನುವಾಗ ಅವನ ಮುಖ ಮಂಗಳಾರತಿಯ ಮುಂದೆ ನಿಂತವನ ಹಾಗಿತ್ತು. ದುರ್ಗಾಪ್ರಸಾದ್... ಆ ಹೆಸರು ಅವಳ ಎದೆಯಲ್ಲಿ ಕೂತದ್ದು ಅಂದೇ.

ಅವನಿಗೆ ಕೆಲಸ ಸಿಕ್ಕಿತು. ಎರಡು ವರ್ಷ, ಭಾನುವಾರ ಬಂತೆಂದರೆ ಭೀಮುನಿಪಟ್ಟಣದ ಕಡಲ ದಡ. ಅವನು ದೋಣಿಗಳನ್ನು ಬರೆಯುತ್ತಿದ್ದ, ಅವಳು ಅವನನ್ನೇ ನೋಡುತ್ತಿದ್ದಳು.

ಒಂದು ದಿನ ಅವಳು ಮದುವೆಯ ಮಾತೆತ್ತಿದಾಗ ಅಪ್ಪ, ನೌಕಾಪಡೆಯಿಂದ ನಿವೃತ್ತರಾಗಿ ಗಾಜುವಾಕದಲ್ಲಿ ನೆಲೆಸಿದ್ದ ರಘುನಂದನ, “ಹುಡುಗನ ಬಯೋಡೇಟಾ ಕೊಡಮ್ಮ, ನೋಡೋಣ” ಎಂದರು.

ಸಿಂಧೂರಳ ಬೆರಳು ‘ತಂದೆಯ ಕೆಲಸ’ ಎಂಬಲ್ಲಿ ನಿಂತಿತು. ಅಪ್ಪ ಬೇಡ ಅಂದುಬಿಟ್ಟರೆ?

‘ವಾಹನೋದ್ಯಮ’ ಎಂದು ಬರೆದಳು. ಹವ್ಯಾಸದ ಮುಂದೆ ‘ಚಿತ್ರಕಲೆ.’ ಸರಿಯಿದೆಯಾ ನೋಡು ಎಂದು ಊರಿಗೆ ಹೋಗಿದ್ದ ಪ್ರಸಾದನಿಗೂ ಕಳಿಸಿದಳು.

ಫೋನ್ ಬಂತು.

“ಇದರಲ್ಲಿ ನಾನ್ನ ಎಲ್ಲಿ, ಸಿಂಧೂ?”

“ಸುಳ್ಳೇನೂ ಬರೆದಿಲ್ವಲ್ಲ... ಅಪ್ಪ ಒಪ್ಪಲಿ ಅಂತ...”

“ಅವರಿಗೆ ಆಸೆಯಿಂದ ಓದಿ ಹೇಳಿದೆ ಕಣೇ! ‘ನನ್ನ ಬ್ರಷ್ ಎಲ್ಲಿ ಹೋಯ್ತು ರಾ?’ ಅಂದ್ರು. ಏನು ಹೇಳ್ಲಿ?”

ಅವನು ಕೆಲಸ ಬಿಟ್ಟು ಊರಲ್ಲೇ ಉಳಿದ. ‘ನನ್ನನ್ನು ಕಂಡರೆ ನಾಚಿಕೆ ಅವಳಿಗೆ’ ಎಂದುಕೊಂಡ. ‘ಒಂದು ಕಾಗದಕ್ಕೆ ನನ್ನನ್ನೇ ಬಿಟ್ಟ’ ಎಂದುಕೊಂಡಳು ಅವಳು. ಬಯೋಡೇಟಾ ಕೇಳಿದ ಅಪ್ಪನಿಗೆ “ಬೇಡ ಬಿಡಿ” ಎಂದಷ್ಟೇ ಹೇಳಿದಳು. ಒಂದು ವರ್ಷ ಹಾಗೇ ಕಳೆಯಿತು.

ದಸರೆಯ ವಾರ ಜೊತೆಯಲ್ಲಿ ಕೆಲಸ ಮಾಡುವ ಪ್ರತ್ಯೂಷಾ ಕೇಳಿದಳು: “ಪ್ರಸಾದ್ ಅವರ ತಂದೆ ತೀರಿಹೋಗಿ ಆರು ತಿಂಗಳಾಯ್ತಂತೆ. ನಿಂಗೆ ಗೊತ್ತಿರ್ಲಿಲ್ವಾ?”

ಸಿಂಧೂರ ಅಪ್ಪನ ಮುಂದೆ ಕೂತು ಎಲ್ಲವನ್ನೂ ಅತ್ತು ಹೇಳಿದಳು. ರಘುನಂದನ ಮಗಳ ತಲೆ ಸವರಿದರು.

“ನಾನು ಹಡಗಿನ ತುಕ್ಕು ಕೆರೆದು, ಬಣ್ಣ ಬಳಿದೇ ನೌಕರಿ ಶುರು ಮಾಡಿದೋನು ಕಣಮ್ಮ... ನನ್ನ ಹತ್ರ ಯಾಕೆ ಮುಚ್ಚಿಟ್ಟೆ?”

ಅಯ್ಯೋ ದೇವರೇ!

ಆಯುಧಪೂಜೆಯ ದಿನ ಸಿಂಧೂರ ವಿಜಯವಾಡಕ್ಕೆ ಬಂದಾಗ ಆಟೋನಗರ್‌ನ ಗ್ಯಾರೇಜುಗಳು ಸದ್ದಿಲ್ಲದೆ ಮಲಗಿದ್ದವು. ಸುತ್ತಿಗೆಗೂ ಸ್ಪಾನರ್‌ಗೂ ಚೆಂಡುಹೂವು. ಪ್ರಸಾದನ ಶೆಡ್ಡಿನಲ್ಲಿ ಅವನ ತಂದೆ ಕಾಮೇಶ್ವರರ ಬ್ರಷ್‌ಗಳ ಸಾಲು, ಪಕ್ಕದಲ್ಲೇ ಕುಂಕುಮವಿಟ್ಟ ಲ್ಯಾಪ್‌ಟಾಪ್. ಮೇಲೆ ಅವರ ಫೋಟೋಗೆ ಹಾರ.

ಪ್ರಸಾದ್ ಅವಳನ್ನು ನೋಡಿ ಮುಖ ತಿರುಗಿಸಿದ. ಅವನ ತಾಯಿ ನಾಗಮ್ಮ ಮಾತ್ರ ಎದ್ದು ಬಂದರು.

“ಬಾರಮ್ಮ, ಕುಂದ್ರು. ನಿನ್ನ ದಾರಿ ನೋಡಿ ನೋಡಿ ಹೋದ್ರು ಅವರು.”

“ನನ್ನ ದಾರಿನಾ?”

ನಾಗಮ್ಮ ಗೋಡೆಗೆ ಒರಗಿಸಿದ್ದ ಹಲಗೆ ತೋರಿಸಿದರು. ಬಿಳಿ ಹಸುವೊಂದು ಕತ್ತು ತಿರುಗಿಸಿ ನೆಕ್ಕುತ್ತಿತ್ತು. ನೆಕ್ಕುವ ಜಾಗದಲ್ಲಿ ಏನೂ ಇರಲಿಲ್ಲ.

“ನಿಮ್ಮ ಮದುವೆಗಂತ ಬರೆದದ್ದು. ‘ಸಣ್ಣ ಹುಡುಗಿ, ಅಂಜಿ ಹಂಗೆ ಬರೆದೈತೆ, ಬಂದೇ ಬರ್ತೈತೆ. ಬಂದಮೇಲೆ ಕರು ಬರೀತೀನಿ’ ಅಂದ್ರು.”

ಸಿಂಧೂರ ಫೋಟೋದ ಮುಂದೆ ಕೂತಳು. ಚೀಲದಿಂದ ಹೊಸದಾಗಿ ಬರೆದ ಬಯೋಡೇಟಾ ತೆಗೆದು ಜೋರಾಗಿ ಓದತೊಡಗಿದಳು.

“ವರ, ದುರ್ಗಾಪ್ರಸಾದ್. ತಂದೆ, ಕಾಮೇಶ್ವರ. ಆಟೋನಗರ್‌ನ ಲಾರಿ ಪೇಂಟರ್. ಮಗನಿಗೆ ಗೆರೆ ಕಲಿಸಿದವರು... ಹವ್ಯಾಸ...”

ಹಿಂದಿನಿಂದ ಒಂದು ಕೈ ಬಂದು ಕಾಗದ ತೆಗೆದುಕೊಂಡಿತು.

“...ಲಾರಿ ಹಿಂದೆ ಹಸು-ಕರು ಬರೆಯುವುದು,” ಪ್ರಸಾದ್ ಓದಿ ಮುಗಿಸಿದ.

“ಇನ್ನೂ ಕೋಪಾನಾ?”

“ಕೋಪ ನಾನ್ನನ ಜೊತೆಗೇ ಹೋಯ್ತು. ನೀನು ಮಾತ್ರ ನನ್ನೊಳಗಿಂದ ಹೋಗ್ಲಿಲ್ಲ ಸಿಂಧೂ... ಫೋನ್ ಮಾಡ್ಬೇಕಿತ್ತು ನಾನು. ಹಾಳು ಹಟ!”

ಅವಳು ಹಲಗೆಯ ಖಾಲಿ ಜಾಗವನ್ನು ಮುಟ್ಟಿದಳು.

“ಕರು ಬರೀ ಪ್ರಸಾದ್.”

“ಇವತ್ತು ಬ್ರಷ್ ಮುಟ್ಟೋ ಹಾಗಿಲ್ಲ. ಪೂಜೆಲಿದೆ.”

“ನಾಳೆ?”

“ಅವರು ಹೋದಮೇಲೆ ಒಂದು ಗೆರೆನೂ ಎಳೆದಿಲ್ಲ ಕಣೇ... ಕೈ ನಡುಗುತ್ತೆ.”

“ನಡುಗ್ಲಿ,” ಅವಳು ಕಣ್ಣೊರೆಸಿಕೊಂಡಳು. “ಹಲಗೆ ನಾನು ಹಿಡ್ಕೋತೀನಿ.”