ಹಿನ್ನೀರಿನ ಹೆಸರುಗಳು

ವಿಯಾವೊನ ಹೆಣವನ್ನು ಮೊದಲು ಕಂಡವಳು ಮುದುಕಿ ಪೆಂತೊ. ಬೆಳಗ್ಗೆ ಮೀನು ಹೊಗೆಗೆ ಹಾಕಲು ಎದ್ದಿದ್ದಳು. ಕಂಬಗಳ ಮೇಲೆ ನಿಂತ ಅವಳ ಮನೆಯಡಿಯಲ್ಲೇ ಅವನು ಬೋರಲಾಗಿ ತೇಲುತ್ತಿದ್ದ.

ಇನ್‌ಸ್ಪೆಕ್ಟರ್ ಅಯಿಂಕೆ ಬರುವಷ್ಟರಲ್ಲಿ ಲಾಗೋಸ್ ಹಿನ್ನೀರಿನ ಆ ಕೇರಿಯ ದೋಣಿಗಳೆಲ್ಲ ಅಲ್ಲಿ ಮುತ್ತಿದ್ದವು. ಹೆಣದ ತಲೆಯ ಹಿಂದೆ ಆಳವಾದ ಏಟು.

"ಕೇಸು ಮುಗೀತು ಮೇಡಂ," ಎಂದ ಸಾರ್ಜೆಂಟ್ ಲಸೀಸಿ. "ಬಲೆ ಹಾಕೋ ಜಾಗಕ್ಕೆ ಇಕುಸನ್ ಮೊನ್ನೆ ಇವನ ಜೊತೆ ಹೊಡೆದಾಡಿದ್ದ. ಬೇಡಿ ಹಾಕಿದೀನಿ."

"ನೋಡಿದವರು?"

"ನಾನು," ಎಂದ ಮೌತಿನ್. ಪೆಂತೊಳ ಮಗ, ಕೇರಿಯ ಕಾರ್ಯದರ್ಶಿ. "ಬೆಳಕು ಹರಿಯೋ ಹೊತ್ತಿಗೆ ವಿಯಾವೊ ಇಲ್ಲೇ ಬಲೆ ಬೀಸ್ತಿದ್ದ. ಇಕುಸನ್‌ನ ದೋಣಿ ಇವನ ಹತ್ತಿರ ಹೋಯ್ತು."

"ನೀವೆಲ್ಲಿದ್ರಿ?"

"ಜ್ವರ. ಮೂರು ದಿನದಿಂದ ಮನೆ ಬಿಟ್ಟು ಕದಲಿಲ್ಲ. ಕಿಟಕಿಯಿಂದ ನೋಡಿದ್ದು."

"ಸುಳ್ಳು ಬೊಗಳ್ತಾನೆ!" ಇಕುಸನ್ ಕಿರುಚಿದ. ಲಸೀಸಿ ಅವನ ಬೆನ್ನಿಗೊಂದು ಗುದ್ದಿದ.

"ಕೈ ತೆಗಿ!" ಅಯಿಂಕೆ ಗದರಿದಳು.

ವಿಯಾವೊನ ಹೆಂಡತಿ ಸೆನಾಮಿ ಅಳುತ್ತಿರಲಿಲ್ಲ. ಉರಿಯುತ್ತಿದ್ದಳು. "ಅವರ ಪುಸ್ತಕ ಎಲ್ಲಿ? ಅದನ್ನ ಹುಡುಕ್ರಮ್ಮ ಮೊದಲು."

"ಯಾವ ಪುಸ್ತಕ?"

"ಇಲ್ಲಿ ಮಣ್ಣು ತುಂಬಬೇಕಂತೆ ಮರಳು ಕಂಪನಿಗೆ. ಬರೀ ನಲವತ್ತು ಮನೆ ಇದೆ ಅಂತ ಕೋರ್ಟಿಗೆ ಬರೆದುಕೊಟ್ಟಿದಾರೆ. ನಲವತ್ತು! ಒಂದೊಂದು ಹಲಗೆ ಮೇಲೆ ಹತ್ತು ಜನ ಮಲಗ್ತೀವಿ. ನನ್ನ ಗಂಡ ಮನೆಮನೆಗೂ ಹೋಗಿ ಹೆಸರು ಬರೆದ್ರು. ನಾಲ್ಕು ಸಾವಿರ ದಾಟಿತ್ತು. ನಿನ್ನೆ ಮಧ್ಯಾಹ್ನ, ಹೊಳೆ ಕಡೆ ಇನ್ನು ಹನ್ನೆರಡು ಮನೆ ಬಾಕಿ ಅಂತ ಹೋದವರು ವಾಪಸ್ ಬರಲೇ ಇಲ್ಲ."



ಅಯಿಂಕೆ ಬಗ್ಗಿ ಹೆಣದ ಅಂಗಿ ಬಿಡಿಸಿದಳು. ಒಳಗೊಂದು ಹಸಿರು ಎಲೆ. ಉಬ್ಬಿದ ದಂಟು, ಕಪ್ಪು ಬೇರು.

"ಅಂತರಗಂಗೆ ಕಳೆ ಮೇಡಂ," ಎಂದ ಲಸೀಸಿ. "ಎಲ್ಲಾ ಕಡೆ ಇರುತ್ತೆ."

ಅವಳು ನೀರಿಗೆ ಬೆರಳದ್ದಿ ನಾಲಿಗೆಗಿಟ್ಟಳು. ಉಪ್ಪು. ದೋಣಿ ಹತ್ತಿದಳು.

* * *

ಎರಡು ಗಂಟೆಯ ಹಾದಿ. ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಯ ದೂಳಿಗೆ ದಡ ಮಸುಕಾಗಿತ್ತು. ಸಿಹಿನೀರಿನ ಹೊಳೆ ಬಂದು ಕೂಡುವಲ್ಲಿ ಅಂತರಗಂಗೆ ಹಸಿರು ಹಾಸಿನಂತೆ ಹರಡಿತ್ತು. ಅದರಾಚೆ ಮುಳುಗಿ ಮರಳು ಎತ್ತುವವರ ಗುಡಿಸಲುಗಳು. ಅಯಿಂಕೆ ಎಣಿಸಿದಳು. ಹನ್ನೆರಡು.

"ವಿಯಾವೊ ನಿನ್ನೆ ಬಂದಿದ್ರು," ಎಂದಳು ಮರಗೆಣಸಿನ ಗರಿ ಹಿಟ್ಟು ಕಲಸುತ್ತಿದ್ದ ಹೆಂಗಸು. "ನನ್ನ ಕೂಸಿನ ಹೆಸರೂ ಬರಕೊಂಡ್ರು."

"ಹೋಗಿದ್ದು ಯಾರ ಜೊತೆ?"

"ಕೇರಿ ಕಾರ್ಯದರ್ಶಿ ಮೋಟಾರು ದೋಣಿ ತಂದಿದ್ನಲ್ಲ. ಬಾ ಅಣ್ಣ, ಮನೆ ತನಕ ಬಿಡ್ತೀನಿ ಅಂದ."

ಅಯಿಂಕೆ ದೋಣಿ ತಿರುಗಿಸಿದಳು.

* * *

ಸಂಜೆ ಕೇರಿಯವರ ಎದುರಲ್ಲೇ ಅವಳು ಮೌತಿನ್‌ನ ಮೋಟಾರು ಮೇಲೆತ್ತಿಸಿದಳು. ರೆಕ್ಕೆಗೆ ಕಪ್ಪು ಬೇರು ಗಟ್ಟಿಯಾಗಿ ಸುತ್ತಿಕೊಂಡಿತ್ತು.

"ಮೂರು ದಿನದಿಂದ ಕದಲದವನ ದೋಣಿಗೆ ಇದೆಲ್ಲಿಂದ ಬಂತು?"

"ಹಳೇದು ಮೇಡಂ. ಮಳೆಗಾಲದ್ದು."

"ಮಳೆಗಾಲದ್ದು ಇಷ್ಟು ಹಸಿ ಇರುತ್ತಾ? ಮಳೆ ನಿಂತ ಮೇಲೆ ಸಮುದ್ರ ಇಲ್ಲಿಗೆ ಏರಿ ಬರುತ್ತೆ. ಉಪ್ಪಿಗೆ ಇಲ್ಲಿನ ಕಳೆಯೆಲ್ಲ ಕೊಳೆತು ಹೋಗಿ ತಿಂಗಳಾಯ್ತು. ಹಸಿರಾಗಿರೋದು ಆ ಹೊಳೆ ಬಾಯಲ್ಲಿ ಮಾತ್ರ. ವಿಯಾವೊ ಅಂಗಿಯೊಳಗೂ ಇದೇ ಹಸಿರು ಎಲೆ ಸಿಕ್ತು. ಅಂದ್ರೆ ಅವನು ಬಿದ್ದಿದ್ದು ಅಲ್ಲೇ. ಬೆಳಗ್ಗೆ ಇಲ್ಲಿ ಬಲೆ ಬೀಸ್ತಿದ್ದ ಅಂದೆಯಲ್ಲ, ಆಗಲೇ ಅವನು ಹೆಣ. ಹೊಳೆಯಲ್ಲಿ ಹೊಡೆದೆ, ದೋಣಿಯಲ್ಲಿ ತಂದೆ, ಇಲ್ಲಿ ಎಸೆದೆ. ಇಕುಸನ್ ತಲೆಗೆ ಕಟ್ಟಿದೆ. ನಿನ್ನನ್ನ ಹನ್ನೆರಡು ಮನೆಯವರೂ ನೋಡಿದಾರೆ. ಪುಸ್ತಕ ಎಲ್ಲಿ?"

ಮೌತಿನ್ ತಲೆ ತಗ್ಗಿಸಿದ. "ಸುಟ್ಟೆ." ಆಮೇಲೆ ತಟಕ್ಕನೆ ಸಿಡಿದ. "ಏನು ಉಪಯೋಗ? ಕಂಪನಿಯವರು ಹೇಗಿದ್ರೂ ಒಡೀತಾರೆ! ನನಗಾದ್ರೂ ದಡದ ಮೇಲೊಂದು ಮನೆ ಕೊಡ್ತೀವಿ ಅಂದ್ರು."

"ನಲವತ್ತು ಮನೆ ಅಂತ ರುಜು ಹಾಕಿದ್ದು ನೀನೇ, ಅಲ್ವಾ?"

ಅವನು ಹೂಂಗುಟ್ಟಿದ. ಸೆನಾಮಿ ಮುನ್ನುಗ್ಗಿದಳು. ನಾಲ್ಕು ಹೆಂಗಸರು ಅವಳನ್ನು ಹಿಡಿದುಕೊಳ್ಳಬೇಕಾಯಿತು. ಅಯಿಂಕೆ ಇಕುಸನ್‌ನ ಬೇಡಿ ಬಿಚ್ಚಿ ಮೌತಿನ್‌ನ ಕೈಗೆ ತೊಡಿಸಿದಳು. ಬೇಕೆಂದೇ ಬಿಗಿಯಾಗಿ.

ಮುದುಕಿ ಪೆಂತೊ ಮಗನ ಮುಂದೆ ಬಂದು ನಿಂತಳು.

"ಆ ನಲವತ್ತರಲ್ಲಿ ನಮ್ಮನೆ ಇತ್ತೇನೋ?"

ಅವನು ಕೈಯ ಬೇಡಿ ನೋಡಿಕೊಂಡ.

"ನಾನು ಇದ್ನೇನೋ, ಹೇಳೋ!"

ಮೌತಿನ್ ಮುಖ ತಿರುಗಿಸಿದ. ಪೆಂತೊ ಅವನ ಕಾಲ ಬಳಿ ಉಗಿದು, ದೋಣಿ ಹಾದುಹೋಗಲು ದಾರಿ ಬಿಟ್ಟಳು.