ಖಾಲಿ ಬಿಲ್ಲೆಯ ಸುತ್ತಿನ ಬಯಲು

ಮೂರು ಬೀದಿಯಾಚೆಯ ಬೇರನ್ನು ವಾಸನೆಯಲ್ಲೇ ಗುರುತಿಸುವವನು ನಾನು. ಸುಳ್ಳಾದರೆ ಈ ಮೂಗು ಉದುರಿಹೋಗಲಿ. ಗಿಡಮರಗಳಲ್ಲಿ ಹೊಸ ಮದ್ದು ಹುಡುಕುವುದೇ ನನ್ನ ಕೆಲಸ. ಆದರೂ ನಮ್ಮಕ್ಕನ ಕಾಲಿನ ಹುಣ್ಣಿಗೆ ಯಾವ ಮದ್ದೂ ನಾಟಲಿಲ್ಲ. ಕಾಲನ್ನೇ ಕತ್ತರಿಸಬೇಕು ಎಂದರು ವೈದ್ಯರು.

ಆ ಹುಣ್ಣಿನ ರೋಗಾಣುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಆಲ್ಕೋಹಾಲಿನಲ್ಲಿ ಇಳಿಸಿದ ಹೊಸ ಬೇರೊಂದರ ಸಾರದಲ್ಲಿ ಅದ್ದಿ ಆರಿಸಿದ ಕಾಗದದ ಬಿಲ್ಲೆಯೊಂದನ್ನು ಅದರ ಮೇಲಿಟ್ಟೆ. ಪಕ್ಕದಲ್ಲಿ, ಹೋಲಿಸಿ ನೋಡಲೆಂದು, ಬರೀ ಆಲ್ಕೋಹಾಲಿನಲ್ಲಿ ಅದ್ದಿ ಆರಿಸಿದ ಖಾಲಿ ಬಿಲ್ಲೆ. ಮರುದಿನ ನೋಡಿದರೆ ಬೇರಿನ ಬಿಲ್ಲೆಯ ಸುತ್ತ ರೋಗಾಣುಗಳು ಕಿಕ್ಕಿರಿದಿದ್ದವು. ಖಾಲಿ ಬಿಲ್ಲೆಯ ಸುತ್ತ ಮಾತ್ರ ಒಂದು ರೋಗಾಣುವೂ ಇಲ್ಲದ, ಹುಣ್ಣಿಮೆ ಚಂದ್ರನಷ್ಟು ಅಗಲದ ಬಯಲು!

“ಬಾಟಲಿ ಅದಲುಬದಲು ಮಾಡಿದ್ದೀಯ ಕಣೋ, ಮಹಾಪಂಡಿತ,” ಎಂದಳು ಜೊತೆಯಲ್ಲಿ ಕೆಲಸ ಮಾಡುವ ಗೆಳತಿ.

“ನಾನಾ? ಆಲ್ಕೋಹಾಲಿನ ಬಾಟಲಿಯ ಸೀಲು ನಿನ್ನೆದುರಿಗೇ ಒಡೆದೆನಲ್ಲೇ!”

ಅವಳು ಆಲ್ಕೋಹಾಲಿನ ಬಾಟಲಿ ಮುಟ್ಟಿ ಥಟ್ಟನೆ ಕೈ ತೆಗೆದಳು. ಆ ಸುಡು ಮಧ್ಯಾಹ್ನದಲ್ಲೂ ಅದು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಮುಚ್ಚಳ ತೆಗೆದರೆ ಹಸಿ ತೊಗಟೆಯ ವಾಸನೆ. ಯಾವ ಮರದ್ದೆಂದು ಈ ಮೂಗಿಗೂ ತಿಳಿಯಲಿಲ್ಲ. ಒಳಗೆ ಯಾರೋ ನಿಧಾನವಾಗಿ ಎಲೆ ಅಗಿಯುತ್ತಿರುವಂಥ ಸದ್ದು.

ಹೆದರಿದೆನೇ? ಬಾಗಿಲ ತನಕ ಓಡಿದ್ದು ಖುಷಿಗೆ! ಆ ದ್ರವದಿಂದ ಮದ್ದನ್ನು ಬೇರ್ಪಡಿಸಿದೆವು. ಅದನ್ನು ಕೊಟ್ಟು ನೋಡಿದ ಇಲಿಗಳು ಬದುಕಿದವು, ವೈದ್ಯರು ಒಪ್ಪಿದರು, ಅಕ್ಕನ ಹುಣ್ಣು ಮಾಯಿತು.

“ಜಗತ್ತನ್ನೇ ಗೆದ್ದೆ ಅಕ್ಕಾ!” ಎಂದೆ.

“ಜಂಬ ಸಾಕು,” ಎಂದು ಅದೇ ಕಾಲಿನಿಂದ ಒದ್ದಳು. ಅಂಥ ಸಿಹಿ ಒದೆಯನ್ನು ಯಾವ ಚಕ್ರವರ್ತಿಯೂ ತಿಂದಿರಲಿಕ್ಕಿಲ್ಲ.

ಈಗ ಊರೂರಿನ ಆಸ್ಪತ್ರೆಗಳಿಗೆ ನಮ್ಮ ಮದ್ದು ಹೋಗುತ್ತದೆ. ಎಲ್ಲವೂ ಆ ಒಂದೇ ಬಾಟಲಿಯಿಂದ. ಎಷ್ಟು ಸುರಿದುಕೊಂಡರೂ ಅದು ಕತ್ತಿನವರೆಗೆ ತುಂಬಿಯೇ ಇದೆ.