ಇಂಜಿನಿಯರ್ ತಂದ ಬಿಳಿ ಶರಟುಗಳು

"ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಮುಂದಿಟ್ಟರೆ ನೋಡಿ ಮತ್ತೆ."

ಬಾಗಿಲಲ್ಲಿ ಕಾಲೆತ್ತಿದವನು ಕಾಲನ್ನು ಹಾಗೇ ಗಾಳಿಯಲ್ಲಿ ಬಿಟ್ಟು ನಿಂತ. ಮೊಣಕಾಲಿನವರೆಗೂ ಕೆಸರು. ಅದೂ ಸಾಧಾರಣ ಕೆಸರಲ್ಲ, ಕಪ್ಪಗೆ, ಲೋಳೆಲೋಳೆಯಾಗಿ ಬೂಟಿನಿಂದ ತೊಟ್ಟಿಕ್ಕುವ ಕೆಸರು. ಅದರ ನಾತ ಅವನಿಗಿಂತ ಮೊದಲೇ ಒಳಗೆ ಬಂದು, ಮಡಿಸಿಟ್ಟ ಬಟ್ಟೆಗಳ ನಡುವೆ ಸೇರಿಕೊಂಡಾಗಿತ್ತು.

ಅವಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಮೂಗು ಮುಚ್ಚಿಕೊಂಡಳು.

"ಥೂ... ಯಾರ್ರೀ ನೀವು?"

"ಈ ರಸ್ತೆ ಕೆಲಸದ ಇಂಜಿನಿಯರ್. ನಾಳೆ ಬೆಳಿಗ್ಗೆ ನಲ್ಲಿ ನೀರು ಬರಲ್ಲ, ಹೇಳಿ ಹೋಗೋಣ ಅಂತ ಬಂದೆ."

"ಹೊರಗಿಂದಲೇ ಕೂಗಿ ಹೇಳಬಹುದಿತ್ತು."

"ಕೂಗಿದೆ ಮೇಡಂ. ನೀವು ಬಾಗಿಲು ಹಾಕ್ಕೊಂಡಿದ್ರಿ."

ಬಾಗಿಲು ಹಾಕದೆ ಇನ್ನೇನು ಮಾಡಬೇಕಿತ್ತು? ಅವಳದು ಲಾಂಡ್ರಿ. ಬಿಳಿ ಹಾಸಿಗೆ ಹೊದಿಕೆ, ಬಿಳಿ ಕೋಟು, ಬಿಳಿ ಪರದೆ. ಹೊರಗೆ ನೋಡಿದರೆ ಬೀದಿಗೆ ಬೀದಿಯೇ ಹೊಟ್ಟೆ ಬಗೆದುಕೊಂಡು ಬಿದ್ದಿದೆ. ನಡೆಯುವವರಿಗೆ ಜಾಗವೇ ಇಲ್ಲದ, ಸ್ಕೂಟರುಗಳೇ ಫುಟ್‌ಪಾತನ್ನೆಲ್ಲ ನುಂಗಿದ್ದ ಬಡಾವಣೆಯ ಅಂಗಡಿ ಬೀದಿ ಅದು. ಈಗ ವಾಹನದ ದಾರಿ ಕಿರಿದು ಮಾಡಿ, ಫುಟ್‌ಪಾತ್ ಅಗಲ ಮಾಡಿ, ಮರ ನೆಟ್ಟು, ಬೆಂಚು ಹಾಕಿ ಜನ ನಿಶ್ಚಿಂತೆಯಾಗಿ ನಡೆಯುವ ಹಾಗೆ ಮಾಡುತ್ತಾರಂತೆ. ಮಾಡಲಿ. ಆದರೆ ಆ 'ಆಗುವ' ಸುಖಕ್ಕೆ ಈಗ ಧೂಳು ಕುಡಿಯುವವರು ಯಾರು?

ಧೂಳಾದರೂ ಸಹಿಸಬಹುದು. ಆ ನಾತ ಮಾತ್ರ ಅವಳ ಕೈಯಲ್ಲಿ ಸಹಿಸಲಾಗದು. ಅದು ಈಗಿನದಲ್ಲ, ಅವಳು ಚಿಕ್ಕವಳಿದ್ದಾಗಿನಿಂದಲೂ ಇತ್ತು. ಈಗ ಚರಂಡಿಯ ಮೇಲಿನ ಚಪ್ಪಡಿ ತೆಗೆದ ಮೇಲೆ ಬಾಯಿಬಿಟ್ಟುಕೊಂಡು ಕೂತಿತ್ತು.

"ಈ ನಾತಕ್ಕೆಲ್ಲ ಆ ಮೀನಂಗಡಿಯೇ ಕಾರಣ, ಅದನ್ನ ಎತ್ತಿಸಿ ಮೊದಲು," ಅಂದಳು ಎದುರು ಸಾಲಿನ ಕಡೆ ಗದ್ದ ಎತ್ತಿ. "ಆಮೇಲೆ ಮರ ನೆಡಿ, ಬೆಂಚು ಹಾಕಿ, ಏನು ಬೇಕಾದರೂ ಮಾಡಿ. ಅಂಗಡಿಯವರ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳ್ತೀನಿ."

ಅವನು ಎದುರಿನ ಅಂಗಡಿಯನ್ನು ನೋಡಿದ. ಅಲ್ಲಿ ಮೀನಕ್ಕ ಎಂದು ಎಲ್ಲರೂ ಕರೆಯುವ ಹೆಂಗಸು ಹಲಗೆಯನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಅವನು ಲಾಂಡ್ರಿಯ ಮುಂದಿನ ಗುಂಡಿಯನ್ನು ಒಮ್ಮೆ ಬಗ್ಗಿ ನೋಡಿ ಹೊರಟುಹೋದ.

ಬೀದಿಯವರು ಅವಳನ್ನು ಹಿಂದಿನಿಂದ ಕರೆಯುತ್ತಿದ್ದುದು 'ಮೂಗು ಮೇಡಂ' ಅಂತ. ಎಲ್ಲದಕ್ಕೂ ಮೂಗು ಮುರಿಯುವವಳು. ಅದು ಅವಳಿಗೂ ಗೊತ್ತಿತ್ತು. ಅಂದರೆ ಅನ್ನಲಿ, ಹೊಲಸನ್ನು ಹೊಲಸು ಅನ್ನೋದು ತಪ್ಪಾ?

ಎರಡು ದಿನ ಬಿಟ್ಟು ಅವನು ಮತ್ತೆ ಬಂದ. ಈ ಸಲ ಬೂಟು ಹೊರಗೇ ಬಿಚ್ಚಿದ್ದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಕೈಯಲ್ಲಿ ಒಂದು ಬಿಳಿ ಶರಟು.

"ಇದಕ್ಕೆ ಚೆನ್ನಾಗಿ ನೀಲಿ ಹಾಕಿ ಮೇಡಂ."

"ಮಣ್ಣು ಅಗೆಯೋರಿಗೆ ಬಿಳಿ ಶರಟಾ?"

"ಆಸೆ... ಯಾವಾಗ ಒಗೀತೀರಿ?"

"ನಾಳೆ ಬೆಳಿಗ್ಗೆ. ಯಾಕೆ, ಪಕ್ಕದಲ್ಲಿ ನಿಂತು ನೋಡಬೇಕಾ?"

ಅವನು ನಕ್ಕ. ಹಾಳಾದವನ ನಗು ಚೆನ್ನಾಗಿತ್ತು.

ಆಮೇಲೆ ಬಿಳಿ ಶರಟುಗಳ ಸಾಲೇ ಶುರುವಾಯಿತು. ಒಂದನ್ನು ಒಯ್ಯಲು ಬಂದಾಗ ಇನ್ನೊಂದನ್ನು ಕೊಡುತ್ತಿದ್ದ. ಕೊಟ್ಟು ಹೋಗುತ್ತಾನಾ ಅಂದರೆ ಅದೂ ಇಲ್ಲ, ಏನೋ ಹೇಳಬೇಕು ಅನ್ನುವವನ ಹಾಗೆ ಕೌಂಟರಿಗೆ ಒರಗಿ ನಿಲ್ಲುತ್ತಿದ್ದ. ಫುಟ್‌ಪಾತಿನ ಕಲ್ಲಿನ ವಿಷಯ ಮಾತಾಡುತ್ತಿದ್ದ. ಯಾವ ಮರ ನೆಡಲಿ ಅಂತ ಅವಳನ್ನೇ ಕೇಳಿದ. ಅವಳು ಎಲೆ ಉದುರಿಸದ, ಹಕ್ಕಿ ಕೂರದ ಮರ ಬೇಕೆಂದಳು.

"ಅಂಥದ್ದಕ್ಕೆ ಕಂಬ ಅಂತಾರೆ ಮೇಡಂ," ಅಂದ.

ಅವಳಿಗೆ ನಗು ಬಂತು. ಯಾರಾದರೂ ಅವಳನ್ನು ನಗಿಸಿ ಎಷ್ಟು ಕಾಲವಾಗಿತ್ತೋ ಏನೋ.

ಒಂದು ಬೆಳಿಗ್ಗೆ ಲಾಂಡ್ರಿಯ ಮುಂದಿನ ಗುಂಡಿಗೆ ಅಗಲವಾದ ಹಲಗೆ ಬಿದ್ದಿತ್ತು, ಎರಡೂ ಕಡೆ ಹಿಡಿಯಲು ಹಗ್ಗ. ಒಡೆದ ಫುಟ್‌ಪಾತಿನಲ್ಲಿ ಒಮ್ಮೆ ಮುಗ್ಗರಿಸಿ ಬಿದ್ದ ಮೇಲೆ ಅವಳ ಅಪ್ಪ ಅಂಗಡಿಯ ಹಿಂದಿನ ಕೋಣೆ ಬಿಟ್ಟು ಕದಲಿರಲಿಲ್ಲ. ಅವತ್ತು ಊರುಗೋಲು ಹಿಡಿದು, ಹಗ್ಗ ಹಿಡಿದು, ಮೂಲೆಯ ಔಷಧಿ ಅಂಗಡಿಯವರೆಗೂ ಹೋಗಿ ಬಂದ. ಮುಖದಲ್ಲಿ ಯುದ್ಧ ಗೆದ್ದ ಗತ್ತು.

ಹಲಗೆ ಹಾಕಿಸಿದ್ದು ಯಾರು ಅಂತ ಅವಳು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಅವನ ಶರಟುಗಳಲ್ಲಿ ಒಂದು ವಿಚಿತ್ರ ಅವಳ ಕಣ್ಣಿಗೆ ಬಿದ್ದಿತ್ತು. ಮೊದಲನೆಯದು ಸರಿಯಾಗಿ ಬೆವರು ಕುಡಿದ ಶರಟು. ಆಮೇಲಿನವುಗಳಲ್ಲಿ ಕಾಲರಿನ ಹೊರಗೆ ಮಣ್ಣು ಮೆತ್ತಿರುತ್ತಿತ್ತು, ಒಳಗೆ ಮಾತ್ರ, ಕುತ್ತಿಗೆ ಉಜ್ಜುವ ಜಾಗದಲ್ಲಿ, ಒಂದು ಗೆರೆಯೂ ಇರುತ್ತಿರಲಿಲ್ಲ. ಎಲ್ಲರ ಕೊಳೆ ಕಂಡವಳು ಅವಳು, ಬೆವರದ ಗಂಡಸನ್ನು ಕಂಡದ್ದು ಇದೇ ಮೊದಲು. 'ಎಷ್ಟು ಚೊಕ್ಕ ಮನುಷ್ಯ...' ಅಂದುಕೊಂಡು ಆ ಕಾಲರನ್ನು ಉಳಿದವರದಕ್ಕಿಂತ ನಿಧಾನವಾಗಿ ಉಜ್ಜುತ್ತಿದ್ದಳು. ಪ್ರೀತಿ ಬಂದರೆ ಮೂಗಿನ ಜೊತೆ ಬುದ್ಧಿಯೂ ಕಟ್ಟಿಕೊಳ್ಳುತ್ತದೆ ನೋಡಿ.

ಸಭೆಯ ದಿನ ಬಂತು. ಸಂಜೆ ಅಂಗಡಿಯವರೆಲ್ಲ ಸೇರಿ, ಮೀನಂಗಡಿಯನ್ನು ಹಿಂದಿನ ಓಣಿಗೆ ಕಳಿಸಬೇಕೋ ಬೇಡವೋ ತೀರ್ಮಾನಿಸುವುದಿತ್ತು. ಬೆಳಿಗ್ಗೆ ಬಿಳಿ ಬಟ್ಟೆಗಳ ನೀಲಿ ನೀರು ಚೆಲ್ಲಿ, ಕೈ ಒರೆಸಿಕೊಂಡು ಹೊರಗೆ ಬಂದಾಗ ಗುಂಡಿಯೊಳಗಿದ್ದ ಕೆಲಸದವನು ತಲೆಯೆತ್ತಿ ಕೇಳಿದ.

"ಏನು ಮೇಡಂ, ಇವತ್ತೂ ಸಾಹೇಬರ ಶರಟು ಒಗೆದ್ರಾ?"

ಪಕ್ಕದವನು ಕಿಸಕ್ಕನೆ ನಕ್ಕ.

"ನಿಮಗೆ ಹೇಗೆ ಗೊತ್ತು?"

"ನೀಲಿ ಬಂತಲ್ಲ."

ಅವಳು ಬಗ್ಗಿ ನೋಡಿದಳು. ಮಳೆನೀರು ಮಾತ್ರ ಹರಿಯಬೇಕಾದ ಚರಂಡಿ ಅದು. ಮಳೆ ಹೋಗಿ ಎಷ್ಟೋ ದಿನವಾಗಿದ್ದರೂ ಅದರಲ್ಲಿ ಕಪ್ಪು ರೊಚ್ಚು ಗಟ್ಟಿಯಾಗಿ ನಿಂತಿತ್ತು. ಅವಳ ಅಂಗಡಿಯ ಅಡಿಯಿಂದ ಮೂತಿ ಚಾಚಿದ ಒಂದು ಹಳೇ ಪೈಪಿನಿಂದ ತೆಳು ನೀಲಿ ನೀರು ಅದರೊಳಗೆ ಇಳಿಯುತ್ತಿತ್ತು. ನೀಲಿಯ ಜೊತೆ ಇನ್ನೇನೋ ತೇಲಿ ಬಂತು. ಅದೇನೆಂದು ನೋಡಿದ ಕೂಡಲೇ ಗೊತ್ತಾಯಿತು. ಆಗಷ್ಟೇ ಅಪ್ಪ ಪಾಯಿಖಾನೆಗೆ ಹೋಗಿ ಬಂದಿದ್ದ.

"ಯಾವ ಅಂಗಡಿಯ ಪೈಪು ಅಂತ ತಿಳೀಲಿ ಅಂತಲೇ ಸಾಹೇಬರು ಮೊದಲು ಶರಟು ಕೊಟ್ಟಿದ್ದು," ಅಂದ ಕೆಲಸದವನು. "ನಾವು ಯಾರಿಗೂ ಹೇಳಿಲ್ಲ ಮೇಡಂ. ಹೇಳಬೇಡಿ ಅಂದಿದಾರೆ."

ಅವಳ ಬಾಯಲ್ಲಿ ಹುಳಿನೀರು ತುಂಬಿತು. ಗೋಡೆ ಹಿಡಿದು ಒಳಗೆ ಬಂದು ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು. ನೀರು ಸುರಿದಾಗ ಅದೂ ಎಲ್ಲಿಗೆ ಹೋಗುತ್ತದೆಂದು ನೆನಪಾಗಿ ಮತ್ತೊಮ್ಮೆ ಬಂತು.

ಇಷ್ಟು ವರ್ಷ ಅವಳು ಮೂಗು ಮುಚ್ಚಿಕೊಂಡದ್ದು ತನ್ನ ಮನೆಯದೇ ಹೊಲಸಿಗೆ. ಎದುರಿನ ಹೆಂಗಸನ್ನು ನೋಡಿ ಉಗಿದದ್ದು... ಮತ್ತೆ ಆ ಶರಟು. ಆ ನಗು, ಆ ಮರ, ಆ ಕಂಬದ ಮಾತು. ಎಲ್ಲವೂ ಒಂದು ಪೈಪು ಹುಡುಕುವುದಕ್ಕಾ?

ಅವನು ಬಂದಾಗ ಅವಳು ಕೌಂಟರಿನ ಹಿಂದೆ ಕಲ್ಲಿನ ಹಾಗೆ ನಿಂತಿದ್ದಳು.

"ಹುಡುಗರು ಬಾಯಿ ಬಿಟ್ಟರಂತೆ. ನಾನೇ ಹೇಳಬೇಕು ಅಂತ ಪ್ರತಿ ಸಲ..."

"ನನ್ನನ್ನ ಚರಂಡಿಗೆ ಬಿಟ್ಟ ಬಣ್ಣ ಮಾಡ್ಕೊಂಡ್ರಿ ಅಲ್ವಾ?"

"ಹಾಗಲ್ಲ, ಒಂದು ನಿಮಿಷ ಕೇಳಿ."

"ನೀವು ಬೂಟಲ್ಲಿ ತಂದ ಕೆಸರು ವಾಸಿ. ಹೊರಗೆ ಹೋಗಿ. ನಿಮ್ಮನ್ನ ನೋಡಿದರೆ ಅಸಹ್ಯ ಆಗ್ತಿದೆ."

ಅವನ ಮುಖ ಬಿಳಿಚಿಕೊಂಡಿತು. ಹಲಗೆ ದಾಟಿ ಹೋದ. ಬೈದದ್ದು ಅವನಿಗೋ ತನಗೋ ಅವಳಿಗೇ ತಿಳಿಯಲಿಲ್ಲ.

ಹಿಂದಿನ ಕೋಣೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡಿದ್ದ.

"ಗೊತ್ತಿತ್ತಾ ನಿಮಗೆ?"

"ಒಳಚರಂಡಿ ಆ ಕಡೆ ಇತ್ತು. ರಸ್ತೆ ಅಡ್ಡ ಅಗೀಬೇಕಿತ್ತು. ಮೇಸ್ತ್ರಿ ಇಲ್ಲೇ ಸೇರಿಸಿಬಿಡೋಣ ಅಂದ." ಅಪ್ಪ ಕಣ್ಣು ತಪ್ಪಿಸಿದ. "ಈಗೇನಂತೆ? ಸಂಜೆ ಬಾಯಿ ಮುಚ್ಚಿಕೊಂಡು ಕೂತ್ಕೋ. ಮೀನಿನವಳು ಹೋಗ್ತಾಳೆ. ಪೈಪು ಸರಿ ಮಾಡಿದ ಮೇಲೆ ನಾತವೂ ಹೋಗ್ತದೆ. ಅವಳು ಹೋಗಿದ್ದಕ್ಕೇ ಹೋಯ್ತು ಅಂತ ಜನ ಅಂದ್ಕೋತಾರೆ."

ಎಷ್ಟು ಚೊಕ್ಕವಾದ ಉಪಾಯ! ಅವಳು ಅಪ್ಪನನ್ನೇ ನೋಡಿದಳು. ಚಿಕ್ಕಂದಿನಲ್ಲಿ ತನ್ನ ಉಗುರಿನ ಸಂದಿಯ ಕೊಳೆ ತೆಗೆಯುತ್ತ ಶುಚಿಯ ಪಾಠ ಹೇಳಿದ ಕೈಗಳು ಅವು. ಗುಂಡಿಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಹೇಸಿಗೆ ಆ ಮಾತು ಕೇಳಿ ಆಯಿತು.

ಸಭೆ ಸೇರಿದ್ದು ಬೀದಿಯ ತುದಿಯಲ್ಲಿ ಟಾರ್ಪಾಲಿನ ಕೆಳಗೆ. ಮೀನಕ್ಕ ಕೊನೆಯ ಕುರ್ಚಿಯಲ್ಲಿ, ಪಕ್ಕದ ಎರಡು ಕುರ್ಚಿ ಖಾಲಿ ಬಿಟ್ಟು ಕೂತಿದ್ದಳು. ಇಂಜಿನಿಯರ್ ನಕ್ಷೆಯ ಪಕ್ಕ ನೆಲ ನೋಡುತ್ತ ನಿಂತಿದ್ದ.

"ಮೂಗು ಮೇಡಂ ಹೇಳಲಿ, ಅವರದೇ ಅಲ್ವಾ ತಕರಾರು," ಅಂದರು ಯಾರೋ.

ಅವಳು ಎದ್ದಳು. ಇವರೆಲ್ಲ ನಾಳೆಯಿಂದ ತನ್ನ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಹೋಗಲಿ.

"ಆ ನಾತ ನಮ್ಮದು," ಅಂದಳು. "ನಮ್ಮ ಪಾಯಿಖಾನೆ ಪೈಪು ಮಳೆನೀರಿನ ಚರಂಡಿಗೆ ಸೇರಿದೆ. ಇವತ್ತು ಬೆಳಿಗ್ಗೆ ನನಗೆ ಗೊತ್ತಾಯ್ತು. ಮೀನಂಗಡಿ ಎಲ್ಲೂ ಹೋಗಬೇಕಾಗಿಲ್ಲ. ಹೋಗೋದಾದರೆ ನಾನು ಹೋಗಬೇಕು."

ಅವಳು ಕೊನೆಯ ಸಾಲಿಗೆ ತಿರುಗಿದಳು. "ಅಕ್ಕಾ... ನನ್ನದು ತಪ್ಪಾಯ್ತು."

ಅಷ್ಟು ವರ್ಷದಲ್ಲಿ ಅವಳು ಅಕ್ಕ ಅಂದದ್ದು ಅದೇ ಮೊದಲು.

ಮೀನಕ್ಕ ಕೂಡಲೇ ಕರಗಲಿಲ್ಲ. ತನ್ನ ಅಂಗೈ ನೋಡಿಕೊಂಡಳು. "ದಿನಾ ಅಂಗಡಿ ಮುಚ್ಚಿ ನಿಂಬೆಹಣ್ಣು ಹಚ್ಚಿ ಕೈ ಉಜ್ಜುತಿದ್ದೆ, ಚರ್ಮ ಬಿರಿಯೋ ಹಾಗೆ. ಬಸ್ಸಲ್ಲಿ ಕೂತರೂ ಯಾರಾದರೂ ಎದ್ದು ಹೋಗ್ತಾರೇನೋ ಅಂತ ಹೆದರಿಕೆ. ನಾನೇ ಗಬ್ಬು ಅಂತ ನಾನೂ ನಂಬಿಬಿಟ್ಟಿದ್ದೆ ಕಣಮ್ಮ."

ಅವಳಿಗೆ ಅಳು ತಡೆಯಲಾಗಲಿಲ್ಲ. ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಮೀನಕ್ಕ, "ಮೂಗು ಒರೆಸ್ಕೋ, ಸೋರ್ತಿದೆ," ಅಂದಳು. ಅಷ್ಟೇ. ಸದ್ಯಕ್ಕೆ ಅಷ್ಟು ಸಾಕಿತ್ತು.

ರಸ್ತೆ ಅಡ್ಡ ಅಗೆದು ಪೈಪು ಒಳಚರಂಡಿಗೆ ಸೇರಿತು. ಚರಂಡಿ ತೊಳೆದು ಮುಚ್ಚಿದರು. ಅಂಗಡಿಗಳ ಬಾಗಿಲ ಮಟ್ಟಕ್ಕೇ ಫುಟ್‌ಪಾತ್ ಬಂತು, ಬೆಂಚು ಬಂತು, ಸಣ್ಣ ಸಣ್ಣ ಮರಗಳೂ ಬಂದವು. ಅಪ್ಪ ದಿನವೂ ಬೆಂಚಿನವರೆಗೆ ನಡೆಯುತ್ತಿದ್ದ. ಮಗಳು ಅವನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಇಂಜಿನಿಯರ್ ಮಾತ್ರ ಅವಳ ಬಾಗಿಲಿಗೆ ಬರಲಿಲ್ಲ. 'ಅಸಹ್ಯ' ಅನ್ನಿಸಿಕೊಂಡವನು ಹೇಗೆ ಬಂದಾನು?

ಅವನ ಕೊನೆಯ ಶರಟು ಅಲ್ಲೇ ಉಳಿದಿತ್ತು, ಒಗೆಯದೆ. ಒಂದು ದಿನ ಅದನ್ನು ಒಗೆಯಲೆಂದು ಬಿಡಿಸಿದಳು. ಹೊರಗೆ ಮಣ್ಣು, ಒಳಗೆ ಹೊಸ ಬಟ್ಟೆಯ ಗಂಜಿ ಇನ್ನೂ ಗರಿಗರಿ. ಅಂಚಿನಲ್ಲಿ ಅಂಗಡಿಯವರು ಚುಚ್ಚಿದ ಗುಂಡುಪಿನ್ನು. ಯಾರೂ ತೊಡದ ಶರಟು... ಬೆವರದ ಮನುಷ್ಯ ಅಂತೆ!

ಅವಳು ಅದನ್ನು ಹಿಡಿದುಕೊಂಡೇ ಹೊರಗೆ ಓಡಿದಳು. ಅವನು ಕೊನೆಯ ಮರಕ್ಕೆ ಗೂಟ ಕಟ್ಟಿಸುತ್ತಿದ್ದ.

"ಮೊದಲನೇ ಶರಟು ಪೈಪು ಹುಡುಕೋಕೆ. ಸರಿ. ಉಳಿದವು ಯಾತಕ್ಕೆ?"

ಅವನು ಪಿನ್ನು ನೋಡಿದ, ಅವಳನ್ನು ನೋಡಿದ. ಕಿವಿ ಕೆಂಪಾಯಿತು.

"ಮೊದಲನೇ ಶರಟಿಗೇ ಪೈಪು ನಿಮ್ಮದು ಅಂತ ಗೊತ್ತಾಗಿತ್ತು. ನಾನು ಸಭೆಯಲ್ಲಿ ಹೇಳಿದರೆ ನಿಮ್ಮನ್ನ ಹಿಡಿದುಕೊಟ್ಟ ಹಾಗೆ. ನೀವೇ ಹೇಳಿದರೆ ಮರ್ಯಾದೆ ಉಳಿಯುತ್ತೆ. ಮೊದಲು ನಿಮಗೆ ತಿಳಿಸೋಣ ಅಂತ ಬರ್ತಿದ್ದೆ. ಬರೋಕೆ ಒಂದು ನೆಪ ಬೇಕಲ್ಲ, ಹೊಸ ಶರಟು ತಗೊಂಡು ಮಣ್ಣು ಹಚ್ಚಿ ತರ್ತಿದ್ದೆ. ನೀವು ನಕ್ಕುಬಿಡ್ತಿದ್ರಿ... ಹೇಳೋಕೇ ಆಗ್ತಿರಲಿಲ್ಲ."

"ನಾನು ಅವತ್ತು ಅಂದ ಮಾತು..."

"ಬಿಡಿ."

"ಬಿಡಲ್ಲ. ನನಗೆ ಅಸಹ್ಯ ಆಗಿದ್ದು ನನ್ನ ಮೇಲೆ. ನೀವು ಎದುರಿಗಿದ್ರಿ, ನಿಮ್ಮ ಮೇಲೆ ಚೆಲ್ಲಿಬಿಟ್ಟೆ. ನೀವು ಬರದೆ ಇದ್ದರೆ ನನಗೆ ಆಗಲ್ಲ ರೀ."

ಕೆಲಸದವರು ಗೂಟ ಬಿಟ್ಟು ಇವರನ್ನೇ ನೋಡುತ್ತಿದ್ದರು. ಅವಳಿಗೆ ಏನೋ ಹೊಳೆಯಿತು.

"ಒಂದು ಹೇಳಿ. ಆ ಮಣ್ಣು ಎಲ್ಲಿಂದ ತರ್ತಿದ್ರಿ?"

"ನಿಮ್ಮ ಅಂಗಡಿ ಮುಂದಿನ ಗುಂಡೀದು."

"ಆ ಗುಂಡಿ... ನನ್ನ ಕೈಯಲ್ಲೇ ಉಜ್ಜಿಸಿದ್ರಲ್ಲ... ಥೂ, ಹೇಸಿಗೆ ಮನುಷ್ಯ!"

"ನಿಮ್ಮದೇ ಅಲ್ವಾ ಮೇಡಂ," ಅಂದ ಅವನು, ಮೆಲ್ಲಗೆ.

ಅವಳು ಮೂಗು ಮುರಿದುಕೊಂಡೇ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಶರಟನ್ನು ಅವನ ಎದೆಗೆ ಒತ್ತಿದಳು.

"ಇದನ್ನ ಒಗೆಯಲ್ಲ. ಮೊದಲು ಹಾಕ್ಕೊಳ್ಳಿ. ಬೆವರಿ, ಆಮೇಲೆ ತನ್ನಿ."

"ಬೆವರಿನ ವಾಸನೆ ಬರುತ್ತೆ."

"ಬರಲಿ," ಅಂದಳು ಅವಳು. "ನಿಮ್ಮದಲ್ವಾ."